ಅರ್ಧ ಲೋಟ ಹಾಲು

ನಾಲಗೆಗೆ ಬುದ್ಧಿ ಹೇಳುವುದು ಯಾರಿಂದಲೂ ಆಗದ ಕೆಲಸ. ಆ ಕಡೆ ಹಾಕಬೇಡಿ, ಕೆದಕಿದರೆ ಮತ್ತೆ ರಕ್ತ ಬರುತ್ತೆ ಎಂದು ಹಲ್ಲಿನ ಡಾಕ್ಟರು ನಿನ್ನೆ ಸಂಜೆ ಚಿಕ್ಕಮಕ್ಕಳಿಗೆ ಹೇಳುವ ಹಾಗೆ ಹೇಳಿ ಕಳಿಸಿದ್ದರು. ಆದರೂ ಬಸ್ಸಿನಲ್ಲಿ ಕುಳಿತಷ್ಟು ಹೊತ್ತೂ ಅವಳ ನಾಲಗೆ ಕಿತ್ತ ದವಡೆಹಲ್ಲಿನ ಜಾಗಕ್ಕೇ ಹೋಗುತ್ತಿತ್ತು, ಆ ಮೆತ್ತನೆಯ ಗುಂಡಿಯನ್ನು ಮುಟ್ಟಿ, ಉಪ್ಪುಪ್ಪಾಗಿ ಏನನ್ನೋ ಹತ್ತಿಸಿಕೊಂಡು ವಾಪಸಾಗುತ್ತಿತ್ತು. ರಜೆ ಹಾಕಬಹುದಿತ್ತು. ಬೆಳಗ್ಗೆ ಅವಳ ಊದಿದ ಕೆನ್ನೆ ನೋಡಿ ಗಂಡ, "ಈ ಮುಖ ಇಟ್ಕೊಂಡು ಯಾರಿಗೆ ಧೈರ್ಯ ಹೇಳೋಕೆ ಹೋಗ್ತೀಯ? ಮೊದಲು ಕೆನ್ನೆ ಹೋಗುತ್ತೆ, ಆಮೇಲೆ ನೀನು ಹೋಗ್ತೀಯ" ಎಂದು ನಕ್ಕಿದ್ದ. ಧೈರ್ಯ ಹೇಳುವುದೇ ಅವಳ ಸಂಬಳದ ಕೆಲಸ. ಎಚ್‌ಐವಿ ಇರುವ ಮಕ್ಕಳನ್ನು ಬೇರೆ ದೇಶದಿಂದ ದತ್ತು ತಂದುಕೊಂಡವರ ಮನೆಗಳಿಗೆ ಹೋಗಿ ಕೂರುತ್ತಾಳೆ. ಮಾತ್ರೆಯ ಹೊತ್ತು ತಪ್ಪದ ಹಾಗೆ ನೋಡಿಕೊಳ್ಳುತ್ತಾಳೆ, ಶಾಲೆಯಲ್ಲಿ ಯಾರಿಗೆ ಹೇಳಬೇಕು ಯಾರಿಗೆ ಬೇಡ ಎಂದು ಅವರೊಟ್ಟಿಗೆ ತಲೆ ಕೆಡಿಸಿಕೊಳ್ಳುತ್ತಾಳೆ, ನೆಂಟರು ಬಂದು ಮುಖ ಸಿಂಡರಿಸಿದರೆ ಅವರ ಮುಂದೆ ಕೂತು ನಗುತ್ತಾಳೆ. ಮನೆಮನೆಯ ಸೋಫಾಗಳ ಗುಣ ಅವಳಿಗೆ ಗೊತ್ತು; ಯಾವುದರಲ್ಲಿ ಕೂತರೆ ಏಳುವುದು ಕಷ್ಟ, ಯಾವುದರ ಕೆಳಗೆ ಮಕ್ಕಳು ಬೇಡದ ತಿಂಡಿ ಬಚ್ಚಿಡುತ್ತಾರೆ ಎನ್ನುವುದೂ ಗೊತ್ತು.

ಅಂಥದೊಂದು ಮನೆಯಿಂದ, ಕಡ್ಡಿ ಎಂದು ಕರೆಯುವ ಹುಡುಗಿಯ ಮನೆಯಿಂದ, ಫೋನು ಬಂದದ್ದು ಮೊನ್ನೆ. ಕಡ್ಡಿಯ ತಾಯಿ ಬಚ್ಚಲಲ್ಲಿ ನಿಂತು ಮಾತಾಡುತ್ತಿರಬೇಕು, ದನಿ ಗೋಡೆಗೆ ಬಡಿದು ಬರುತ್ತಿತ್ತು. "ಅತ್ತೆಗೆ ಭಾನುವಾರ ಕಡ್ಡಿಯ ವಿಷಯ ಹೇಳಿದ್ವಿ. ಕಡ್ಡಿನ ಕೇಳ್ಕೊಂಡೇ ಹೇಳಿದ್ವಿ, ನೀವು ಹೇಳಿದ ಹಾಗೇನೇ. ಆವತ್ತಿಂದ ಅತ್ತೆ ಮಾತೇ ಆಡ್ತಿಲ್ಲ. ಬೈದ್ರೆ ಬೈಸ್ಕೋಬಹುದು, ಸುಮ್ಮನಿದ್ರೆ ಏನು ಮಾಡೋದು? ಸೋಮವಾರದಿಂದ ನಾನು ಕೆಲಸಕ್ಕೆ ಹೋಗ್ಲೇಬೇಕು, ಇನ್ನು ರಜೆ ಕೊಡಲ್ಲ ಅಂದ್ಬಿಟ್ರು. ಅತ್ತೆ ಇರ್ತೀನಿ ಅಂದ್ರೆ ಕಡ್ಡಿ ಮನೇಲಿರ್ತಾಳೆ. ಇಲ್ಲಾಂದ್ರೆ ಸ್ಕೂಲು ಬಿಟ್ಟಮೇಲೆ ಯಾರ ಮನೇಲಿ ಬಿಡ್ಲಿ? ಅವರಿಗೆಲ್ಲ ಹೇಳ್ತಾ ಹೋಗ್ಲಾ?" ಆಮೇಲೆ ಮೂಗು ಸೇದಿ, "ಅದು ಬಿಡಿ. ಅಜ್ಜಿ ಯಾಕೆ ನನ್ನ ಜೊತೆ ಮಾತಾಡ್ತಿಲ್ಲ ಅಂತ ಕಡ್ಡಿ ಕೇಳೋದೂ ಇಲ್ಲ. ಕೇಳಿದ್ರೆ ಹೇಗೋ ಸಮಾಧಾನ ಹೇಳ್ಬಹುದು. ಸುಮ್ನೆ ಅಜ್ಜಿಯಿಂದ ದೂರ ಕೂರ್ತಾಳೆ, ಅಭ್ಯಾಸ ಇರೋರ ಥರ. ನೀವು ಬನ್ನಿ. ಬಂದು ನೀವು ಮಾಡ್ತೀರಲ್ಲ, ಅದನ್ನ ಮಾಡಿ" ಎಂದಿದ್ದಳು. ಬರುತ್ತೇನೆ, ನೀವು ಚಿಂತೆ ಬಿಡಿ ಎಂದಿದ್ದಳು ಅವಳು. ಆಗ ಹಲ್ಲು ನೋಯುತ್ತಿತ್ತು, ಇನ್ನೂ ಕಿತ್ತಿರಲಿಲ್ಲ.

ಅವಳು ಮಾಡುತ್ತಿದ್ದದ್ದು ಇಷ್ಟೇ. ಮಗು ಅರ್ಧ ಕುಡಿದಿಟ್ಟ ಲೋಟವನ್ನು ಎಲ್ಲರ ಎದುರು ಎತ್ತಿ ಕುಡಿಯುವುದು. ಅದರಲ್ಲೂ ಒಂದು ಕೈಚಳಕವಿತ್ತು. ಲೋಟದ ಕಡೆ ನೋಡಬಾರದು. ಮಾತು ನಿಲ್ಲಿಸಬಾರದು. ಇಗೋ ನೋಡಿ ಎಂಬಂತೆ ಎತ್ತಿ ತೋರಿಸಿದರೆ ಎಲ್ಲ ಕೆಟ್ಟಿತು. ಸ್ವಂತ ಮನೆಯಲ್ಲಿ ಸ್ವಂತ ಮಗುವಿನ ಲೋಟ ಕೈಗೆ ಸಿಕ್ಕಾಗ ಯಾವ ತಾಯಿಯೂ ಯೋಚಿಸದೆ ಒಂದು ಗುಟುಕು ಕುಡಿಯುತ್ತಾಳಲ್ಲ, ಹಾಗೆ ಕುಡಿಯಬೇಕು, ಕುಡಿದು ಇಡಬೇಕು, ಮುಂದಿನ ಮಾತಿಗೆ ಹೋಗಬೇಕು. ಎದುರಿಗೆ ಕೂತ ಚಿಕ್ಕಪ್ಪನೋ ಸೋದರತ್ತೆಯೋ ಬಾಯಿ ತೆರೆದು ನೋಡುತ್ತಿದ್ದರೆ ಗಮನಿಸಬಾರದು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವಳೇ ಇದನ್ನು ಕಲಿಸುತ್ತಿದ್ದಳು, "ಒಂದು ಗಳಿಗೆ ತಡೆದ್ರೂ ಮುಗೀತು, ಬೇಕಾದ್ರೆ ಕುಡೀಲೇಬೇಡಿ, ಆದ್ರೆ ತಡೀಬೇಡಿ" ಎಂದು. ಲೋಟದ ಪಾಠ ಎಂದು ಆಫೀಸಿನಲ್ಲಿ ತಮಾಷೆ ಮಾಡುತ್ತಿದ್ದರು. ಗಂಡ ಮಾತ್ರ ಇಷ್ಟು ವರ್ಷವಾದರೂ ಅವಳು ಮನೆಗೆ ಬಂದ ಕೂಡಲೇ ಕೈ ತೊಳ್ಕೊಂಡ್ಯಾ ಎನ್ನುತ್ತಿದ್ದ. ಬಸ್ಸಿನ ಕೊಳೆಗೆ ಎಂದು ಸಮಜಾಯಿಷಿ ಕೊಡುತ್ತಿದ್ದ. ಅವಳು ಅವನನ್ನು ಹೀಯಾಳಿಸಿ ನಗುತ್ತಿದ್ದಳು. ನಗುವಾಗ ತಾನು ಬೇರೆ ಜಾತಿಯ ಪ್ರಾಣಿ, ತನ್ನ ಮೈಯಲ್ಲಿ ಅಂಥ ಭಯವೇ ಇಲ್ಲ ಎಂಬ ಹಮ್ಮು ಇರುತ್ತಿತ್ತು ಎಂದು ಈಗ ಬಸ್ಸು ಇಳಿದು ಫುಟ್‌ಪಾತಿನ ಕಿತ್ತುಹೋದ ಕಲ್ಲುಗಳ ಮೇಲೆ ನಡೆಯುವಾಗ ಹೊಳೆಯಿತು. ಯಾಕೆ ಈಗ ಹೊಳೆಯಬೇಕು ಎಂದು ಕಿರಿಕಿರಿಯಾಯಿತು.

ಆ ಪಾಠ ಹುಟ್ಟಿದ್ದು ಇನ್ನೊಂದು ಮಗುವಿನಿಂದ. ಅದನ್ನು ದತ್ತು ತಂದ ಗಂಡಹೆಂಡತಿ ಇಬ್ಬರೂ ಮೇಷ್ಟ್ರು, ಅವಳು ಹೇಳಿದ್ದನ್ನೆಲ್ಲ ಅವಳಿಗಿಂತ ಚೆನ್ನಾಗಿ ತಿರುಗಿ ಹೇಳುತ್ತಿದ್ದರು. ಟವೆಲು ಬೇರೆ ಮಾಡಿದ್ದು ಮೊದಲು. ಆಮೇಲೆ ಸೋಪು, ಆಮೇಲೆ ಕುರ್ಚಿ. ಒಂದು ದಿನ ಫೋನು ಮಾಡಿ, ನಮ್ಮಿಂದ ಆಗ್ತಿಲ್ಲ, ದಯವಿಟ್ಟು ಬಂದು ಕರ್ಕೊಂಡು ಹೋಗಿ ಎಂದರು. ಹೊಸ ಮನೆಗೆ ಕಾರಿನಲ್ಲಿ ಕರೆದೊಯ್ಯುವಾಗ ಆ ಪುಟ್ಟ ಹುಡುಗಿ ಹಿಂದಿನ ಸೀಟಿನಲ್ಲಿ ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದಳು. "ನಾನು ಯಾವುದನ್ನ ಮುಟ್ಟಿದೆ?" ಎಂದು ಕೇಳಿದ್ದಳು. ಸ್ಟಿಯರಿಂಗ್ ಹಿಡಿದಿದ್ದ ಅವಳು ಹಾರನ್ ಹೊಡೆದಿದ್ದಳು. ಆ ಮಗು ಈಗ ಬೇರೆಲ್ಲೋ ಚೆನ್ನಾಗಿದೆ, ಎತ್ತರವಾಗಿದೆಯಂತೆ. ಆದರೂ ಆ ಕೈಗಳು ಮಾತ್ರ ಅವಳ ಲೆಕ್ಕದಲ್ಲಿ ಇನ್ನೂ ತೊಡೆಯ ಕೆಳಗೇ ಇದ್ದವು. ಆಮೇಲೆಯೇ ಅವಳು ಲೋಟ ಎತ್ತತೊಡಗಿದ್ದು.

ಕಡ್ಡಿಯ ಮನೆ ಮೂರನೆಯ ಮಹಡಿಯಲ್ಲಿ. ಬಂದ ಹೊಸತರಲ್ಲಿ ಕಡ್ಡಿಯ ಹಾಗಿದ್ದಳೆಂದು ಅಪ್ಪ ಇಟ್ಟ ಹೆಸರು, ಈಗ ಕೆನ್ನೆ ತುಂಬಿ ಹೊಟ್ಟೆ ಮುಂದೆ ಬಂದಿದ್ದರೂ ಹೆಸರು ಬಿಟ್ಟುಹೋಗಿರಲಿಲ್ಲ. ಹೊಸ ಭಾಷೆಯನ್ನು ಬೇಗ ಕಲಿತಳು, ಆದರೆ ಎಲ್ಲರನ್ನೂ ನೀವು ಎನ್ನುತ್ತಿದ್ದಳು, ಗೊಂಬೆಯನ್ನೂ. ಅಲ್ಲಿ, ಅವಳು ಬೆಳೆದ ಮಕ್ಕಳ ಮನೆಯಲ್ಲಿ, ಅವಳ ಲೋಟಕ್ಕೆ ದಾರ ಕಟ್ಟಿದ್ದರಂತೆ, ಬೇರೆಯವರು ತಪ್ಪಿ ಮುಟ್ಟದ ಹಾಗೆ. ಇಲ್ಲಿಗೆ ಬಂದ ಮೇಲೆ ಯಾರೂ ಹೇಳದಿದ್ದರೂ ತನ್ನ ಲೋಟ ತಾನೇ ತೊಳೆದು, ಕಿಟಕಿಯ ಕಟ್ಟೆಯ ಮೂಲೆಯಲ್ಲಿ ಬೋರಲು ಹಾಕಿಡುತ್ತಿದ್ದಳು. ತಾಯಿ ತಿಂಗಳುಗಟ್ಟಲೆ ಎಲ್ಲ ಲೋಟಗಳನ್ನೂ ಬೆರೆಸಿ ಬೆರೆಸಿ, ಯಾವುದು ಯಾರದೆಂದು ತನಗೇ ಗೊತ್ತಿಲ್ಲದಂತೆ ಮಾಡಿ, ಆ ಅಭ್ಯಾಸ ಬಿಡಿಸಿದ್ದಳು. ತನ್ನ ಮೊದಲ ಭೇಟಿಯಲ್ಲಿ ಅವಳು ಲೋಟ ಎತ್ತಿ ಕುಡಿದಾಗ ಕಡ್ಡಿ ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದಳು, ಏನೋ ಅನಾಹುತವಾದಂತೆ. ಎರಡನೆಯ ಸಲ ಬಂದಾಗ ಹಾಲು ಸರಿಯಾಗಿ ಅರ್ಧ ಕುಡಿದು ಉಳಿದದ್ದನ್ನು ಅವಳ ಕಡೆ ತಳ್ಳಿದಳು. ಅಲ್ಲಿಂದ ಮುಂದೆ ಅದು ಇಬ್ಬರ ನಡುವಿನ ಪದ್ಧತಿಯಾಯಿತು. ಅವಳು ಬರುವ ದಿನ ಕಡ್ಡಿ ಎಷ್ಟು ಹಸಿದಿದ್ದರೂ ಅರ್ಧ ಲೋಟ ಹಾಲು ಬಿಡುತ್ತಿದ್ದಳು. ಬೇರೆ ಮನೆಗಳಲ್ಲಿ ಅದು ಅವಳ ಕೆಲಸವಾಗಿತ್ತು. ಇಲ್ಲಿ ಅವಳು ಖುಷಿಯಿಂದಲೇ ಕುಡಿಯುತ್ತಿದ್ದಳು, ಅದೂ ನಿಜ.

ಬಾಗಿಲು ತೆರೆದದ್ದು ಕಡ್ಡಿಯೇ. "ನಿಮ್ಮ ಕೆನ್ನೆಗೆ ಏನಾಯ್ತು?" ಎಂದಳು. ಹಲ್ಲು ಕಿತ್ತರು ಎಂದಾಗ ಅವಳ ಕಣ್ಣು ಅರಳಿತು. "ನಂದೂ ಬೀಳ್ತಾ ಇದೆ! ನೋಡಿ, ನೋಡಿ." ಬಾಯಿ ಅಗಲಿಸಿ ಮುಂದಿನ ಹಾಲುಹಲ್ಲನ್ನು ಬೆರಳಿನಿಂದ ಹಿಂದಕ್ಕೂ ಮುಂದಕ್ಕೂ ಆಡಿಸಿ ತೋರಿಸಿದಳು. ಒಂದು ಎಳೆಯಲ್ಲಿ ನಿಂತಿದ್ದ ಹಲ್ಲಿನ ಬುಡದಲ್ಲಿ ವಸಡು ಕೆಂಪಗಿತ್ತು. "ಬೆಳಗ್ಗೆ ಸ್ವಲ್ಪ ರಕ್ತ ಬಂತು, ನಾನೇ ಒರೆಸ್ಕೊಂಡೆ, ಯಾರಿಗೂ ಮುಟ್ಟೋಕೆ ಬಿಡ್ಲಿಲ್ಲ, ನೀವು ಹೇಳಿದ ಹಾಗೆ" ಎಂದು ಶಹಬ್ಬಾಸ್‌ಗಿರಿಗೆ ಕಾದಳು. ಶಹಬ್ಬಾಸ್ ಎಂದಳು ಅವಳು. ಅವಳ ನಾಲಗೆ ತಾನಾಗಿ ಗುಂಡಿಯ ಕಡೆ ಹೋಯಿತು.

ನಡುಮನೆಯಲ್ಲಿ ಅಜ್ಜಿ ಸೋಫಾದ ಅಂಚಿನಲ್ಲಿ ಕೂತಿದ್ದರು, ಪಕ್ಕದ ಮನೆಗೆ ಬಂದವರಂತೆ. ಎತ್ತರದ ಮುದುಕಿ, ಕನ್ನಡಕ ಎದೆಯ ಮೇಲೆ ನೇತಾಡುತ್ತಿತ್ತು, ಕೈಯಲ್ಲಿ ಏನೂ ಇರಲಿಲ್ಲ. ಮಗ ಕೆಲಸಕ್ಕೆ ಹೋಗಿದ್ದ. ತಾಯಿ ಅಡುಗೆಮನೆಗೂ ನಡುಮನೆಗೂ ನಡುವೆ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ, ಬಾಗಿಲಿಗೆ ಒರಗಿದ್ದಳು. ಕಡ್ಡಿ ಹಾಲಿನ ಲೋಟ ಹಿಡಿದುಕೊಂಡು ಬಂದು ಅಜ್ಜಿಯಿಂದ ದೂರದ ಕುರ್ಚಿಯಲ್ಲಿ ಕೂತಳು. ಅಜ್ಜಿಯ ಎದುರು ಕೂತು ಅವಳು ತನ್ನ ಕೆಲಸದ ಮಾತು ಶುರು ಮಾಡಿದಳು. ಎಷ್ಟೋ ಮನೆಗಳಲ್ಲಿ ಆಡಿ ಸವೆದ ಮಾತುಗಳು, ತಾವಾಗಿ ಒಂದರ ಹಿಂದೆ ಒಂದು ಬರುತ್ತವೆ. ಮಾತ್ರೆ ಸರಿಯಾಗಿ ತಗೊಂಡ್ರೆ ವೈರಸ್ಸು ರಕ್ತದಲ್ಲಿ ಪರೀಕ್ಷೆಗೂ ಸಿಗದಷ್ಟು ಕಡಿಮೆ ಆಗುತ್ತೆ, ಇವಳದ್ದು ಹಾಗೇ ಆಗಿದೆ. ಎಲ್ಲ ಮಕ್ಕಳ ಹಾಗೆ ಬೆಳೀತಾಳೆ, ಓದ್ತಾಳೆ, ಮದುವೆ ಆಗ್ತಾಳೆ, ಮಕ್ಕಳನ್ನೂ ಹೆರಬಹುದು. ಅಜ್ಜಿ ಅವಳ ಬಾಯಿಯನ್ನೇ ನೋಡುತ್ತಿದ್ದರು, ಕಿವಿ ಮಂದವಾದವರು ನೋಡುವ ಹಾಗೆ. ಕಡ್ಡಿ ಗುಟುಕು ಗುಟುಕಾಗಿ ಕುಡಿಯುತ್ತ, ನಡುನಡುವೆ ಲೋಟ ಎತ್ತಿ ಹಿಡಿದು ಎಷ್ಟು ಉಳಿದಿದೆ ಎಂದು ನೋಡುತ್ತ, ಅರ್ಧಕ್ಕೆ ಬಂದಾಗ ಎದ್ದು ಬಂದು ಟೀಪಾಯಿಯ ಮೇಲೆ ಅವಳ ಎದುರು ಇಟ್ಟಳು. ಇಟ್ಟು, ಹೋಗಿ ಕುರ್ಚಿಯಲ್ಲಿ ಕೂತು, ಒಂದು ಸಲ ಅಜ್ಜಿಯನ್ನು ನೋಡಿದಳು. ಈಗ ನೋಡಿ ಎನ್ನುವಂತಿತ್ತು ಆ ನೋಟ.

"ಒಂದೇ ತಟ್ಟೇಲಿ ತಿಂದ್ರೂ ಬರಲ್ಲಮ್ಮ, ಒಂದೇ ಹಾಸಿಗೇಲಿ ಮಲಗಿದ್ರೂ ಬರಲ್ಲ, ಮುತ್ತು ಕೊಟ್ರೂ ಬರಲ್ಲ, ಎಂಜಲಿನಿಂದ..." ಎನ್ನುತ್ತ ಅವಳು ಕೈ ಚಾಚಿದಳು. ಕೈ ಲೋಟದ ಹತ್ತಿರ ಹೋಗಿ ನಿಂತಿತು. ಲೋಟದ ಅಂಚಿನಲ್ಲಿ ಕಡ್ಡಿಯ ತುಟಿಯ ಗುರುತಿತ್ತು, ಅರ್ಧಚಂದ್ರದಷ್ಟು ಹಾಲು. ಬಿಳಿ ಹಾಲು. ಬಿಳಿಯೇ ತಾನೆ? ಕೆಂಪಗಿನ ವಸಡು ಕಣ್ಣ ಮುಂದೆ ಬಂತು, ಆ ಗಳಿಗೆಯಲ್ಲೇ ತನ್ನ ಬಾಯಿಯ ಗುಂಡಿ ಒಂದು ಬಾವಿಯಷ್ಟು ದೊಡ್ಡದಾಗಿ ತೆರೆದುಕೊಂಡಂತಾಯಿತು. ಏನೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಇಲ್ಲ ಎಂದು ಈಗಷ್ಟೇ ತನ್ನ ಬಾಯಿಂದಲೇ ಹೇಳಿದ್ದಳು; ಕಡ್ಡಿಯ ರಕ್ತಪರೀಕ್ಷೆಯ ಫಲಿತಾಂಶವನ್ನು ಈ ಮನೆಯಲ್ಲೇ ಕೂತು ಓದಿ ಹೇಳಿ ತಾಯಿಯನ್ನು ತಬ್ಬಿಕೊಂಡು ಕುಣಿದಿದ್ದಳು. ತಿಳಿದದ್ದೆಲ್ಲ ತಲೆಯಲ್ಲಿ ಸಾಲಾಗಿ ನಿಂತಿತ್ತು, ಒಂದೂ ಅಲುಗಿರಲಿಲ್ಲ, ಆದರೆ ಕೈ ಅದರ ಮಾತು ಕೇಳುತ್ತಿರಲಿಲ್ಲ. ಕೈ ಯಾರದೋ ಆಗಿತ್ತು. ಆ ಮೇಷ್ಟ್ರದಾಗಿತ್ತು, ಟವೆಲು ಬೇರೆ ಮಾಡಿದವರದು. ಅವರನ್ನು ಎಷ್ಟು ಶಪಿಸಿದ್ದಳು! ಮನುಷ್ಯರೇ ಅಲ್ಲ ಎಂದಿದ್ದಳು. ಅವರಿಗೂ ಎಲ್ಲ ಗೊತ್ತಿತ್ತಲ್ಲ. ಅವರೂ ಒಂದು ಬೆಳಗ್ಗೆ ಬಚ್ಚಲಲ್ಲಿ ಟವೆಲಿನ ಮುಂದೆ ಹೀಗೇ ನಿಂತಿರಬೇಕು, ತಮ್ಮ ಕೈಯನ್ನೇ ನೋಡಿ ಅಸಹ್ಯಪಟ್ಟಿರಬೇಕು. ನಾಚಿಕೆಯಿಂದ ಅವಳ ಕಿವಿ ಸುಡತೊಡಗಿತು. ಕುಡಿ, ಕುಡಿದುಬಿಡು, ಈಗಲಾದರೂ ಕುಡಿ ಎಂದು ಒಳಗೆ ಯಾರೋ ಗದರುತ್ತಿದ್ದರು.

"ಎಂಜಲಿನಿಂದ?" ಎಂದರು ಅಜ್ಜಿ.

"ಎಂಜಲಿನಿಂದಲೂ ಬರಲ್ಲ" ಎಂದಳು. ಕೈ ಲೋಟವನ್ನು ಬಿಟ್ಟು ಮೇಲೆ ಬಂದು ಕೆನ್ನೆಯನ್ನು ಹಿಡಿದುಕೊಂಡಿತು. "ನಿನ್ನೆ ಹಲ್ಲು ಕಿತ್ತಿದ್ದಾರೆ ನೋಡಿ, ಹಾಲು ಗೀಲು ಏನೂ ಕುಡೀಬಾರ್ದು ಅಂದಿದ್ದಾರೆ ಡಾಕ್ಟರು." ಡಾಕ್ಟರು ಹಾಗೆ ಹೇಳಿರಲಿಲ್ಲ. ಬಿಸಿ ಬೇಡ, ತಣ್ಣಗಿನ ಹಾಲು ಒಳ್ಳೆಯದು ಎಂದಿದ್ದರು. ಅವಳು ಕಡ್ಡಿಯ ಕಡೆ ನೋಡಲಿಲ್ಲ. ನೋಡದೆಯೇ ಗೊತ್ತಾಯಿತು, ಆ ಕುರ್ಚಿಯಲ್ಲಿ ಏನೂ ಅಲುಗಾಡುತ್ತಿರಲಿಲ್ಲ. ಆಮೇಲೆ ಪುಟ್ಟ ಕೈಯೊಂದು ಬಂದು ಲೋಟವನ್ನು ತೆಗೆದುಕೊಂಡು ಹೋಯಿತು.

ಅಜ್ಜಿ ಕನ್ನಡಕ ಹಾಕಿಕೊಂಡರು. ಮುಗಿಯಿತು, ಎಲ್ಲ ಗೊತ್ತಾಯಿತು ಎಂದುಕೊಂಡಳು ಅವಳು. ಆದರೆ ಅಜ್ಜಿ, "ಯಾವ ಹಲ್ಲು? ಕೆಳಗಿನ ದವಡೇದಾ? ಅಯ್ಯೋ, ಅದು ಭಾರಿ ಪೀಡೆ. ನಂಗೆ ಅದನ್ನ ಕಿತ್ತಾಗ ವಾರ ಪೂರ್ತಿ ಮಾತಾಡೋಕೆ ಆಗ್ಲಿಲ್ಲ, ನಮ್ಮ ಯಜಮಾನರು ಮನೇಲಿ ಎಷ್ಟು ನೆಮ್ಮದಿ ಅಂತ ಊರೆಲ್ಲ ಹೇಳ್ಕೊಂಡು ಬಂದ್ರು" ಎಂದರು. ಭಾನುವಾರದಿಂದ ಆ ಮನೆಯಲ್ಲಿ ಅವರು ಇಷ್ಟು ಮಾತಾಡಿದ್ದು ಇದೇ ಮೊದಲು. ಬಾಗಿಲಲ್ಲಿದ್ದ ತಾಯಿ ನೆಟ್ಟಗೆ ನಿಂತಳು. "ಇಷ್ಟು ನೋವಿಟ್ಕೊಂಡು ಯಾಕೆ ಬಂದ್ರಿ? ನಂಗೆ ಬುದ್ಧಿ ಹೇಳೋಕಾ?" ಎಂದು ಕೇಳಿದ ಅಜ್ಜಿ, ಉತ್ತರಕ್ಕೆ ಕಾಯದೆ ಸೊಸೆಯ ಕಡೆ ತಿರುಗಿದರು. "ನಾನು ಹೆದರ್ಕೊಂಡಿದ್ದೀನಿ ಅಂತ ಇವರನ್ನ ಕರೆಸಿದ್ಯಾ? ನಂಗೆ ಯಾಕೆ ಭಯ? ಈ ವಯಸ್ಸಲ್ಲಿ ನಂಗೆ ಏನು ಬಂದ್ರೇನು, ಬಿಟ್ರೇನು? ಮಗು ಮನೆಗೆ ಬಂದು ಒಂದೂವರೆ ವರ್ಷ ಆಯ್ತು. ಒಂದೂವರೆ ವರ್ಷ ನನ್ನ ಹತ್ರ ಮುಚ್ಚಿಟ್ರಲ್ಲೇ, ನಾನೇನು ಹೊರಗಿನೋಳಾ? ಅದು ಹೊಟ್ಟೇಲಿ ಉರೀತಾ ಇದೆ ನಂಗೆ. ಮಾತಾಡಿದ್ರೆ ಅತ್ತುಬಿಡ್ತೀನಿ ಅಂತ ಸುಮ್ಮನಿದ್ದೆ." ಹೇಳುತ್ತಲೇ ಅತ್ತರು. ಸೊಸೆ ಬಂದು ಅವರ ಕಾಲ ಬಳಿ ನೆಲದ ಮೇಲೆ ಕೂತಳು, ತಪ್ಪಾಯ್ತು ಅತ್ತೆ, ತಪ್ಪಾಯ್ತು ಎಂದು ತಾನೂ ಅತ್ತಳು. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು, "ಸೋಮವಾರ ನೀನು ಕೆಲಸಕ್ಕೆ ಹೋಗು. ಮಾತ್ರೆ ಎಷ್ಟು ಹೊತ್ತಿಗೆ, ಊಟಕ್ಕೆ ಮುಂಚೆಯಾ ಆಮೇಲಾ ಅಂತ ಇವರು ಸರಿಯಾಗಿ ಹೇಳಿಕೊಡ್ಲಿ" ಎಂದರು.

ಅಂದರೆ ಲೋಟದ ಅಗತ್ಯವೇ ಇರಲಿಲ್ಲ. ಕೆಲಸ ಆಗಿಹೋಗಿತ್ತು. ಸೋಫಾದ ಬಳಿ ಅತ್ತೆ ಸೊಸೆಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರು, ತಾಯಿ ಒದ್ದೆ ಮುಖದಲ್ಲೇ ಅವಳ ಕಡೆ ತಿರುಗಿ, ನಿಮ್ಮಿಂದಾನೇ ಎಂಬಂತೆ ಕೈಮುಗಿದಳು. ಅವಳು ನಕ್ಕಳು. ನಕ್ಕಾಗ ಗುಂಡಿ ಎಳೆದಂತಾಗಿ ಬಾಯಲ್ಲಿ ಉಪ್ಪು ಬಂತು. ಅಡುಗೆಮನೆಯಿಂದ ನಲ್ಲಿ ಬಿಟ್ಟ ಸದ್ದು ಬರುತ್ತಿತ್ತು, ತುಂಬ ಹೊತ್ತಿನಿಂದ. ಬಾಯಿ ಮುಕ್ಕಳಿಸಿ ಬರುತ್ತೇನೆ ಎಂದು ಎದ್ದಳು.

ಕಡ್ಡಿ ಸಿಂಕಿನ ಮುಂದೆ ಸ್ಟೂಲು ಹಾಕಿಕೊಂಡು ನಿಂತಿದ್ದಳು. ತೋಳು ಮೊಣಕೈಯವರೆಗೆ ನೊರೆಯಾಗಿತ್ತು. ತೊಳೆದ ಲೋಟವನ್ನು ಉಳಿದ ಪಾತ್ರೆಗಳ ಜೊತೆ ಹಾಕದೆ ಕಿಟಕಿಯ ಕಟ್ಟೆಯ ಮೂಲೆಯಲ್ಲಿ ಬೋರಲು ಹಾಕಿದ್ದಳು.

"ಅಲ್ಲಿ ಯಾಕೆ ಇಟ್ಟೆ ಪುಟ್ಟಾ?"

"ಒಣಗ್ಲಿ ಅಂತ." ಕಡ್ಡಿ ನಲ್ಲಿ ನಿಲ್ಲಿಸಿದಳು, ತಿರುಗಲಿಲ್ಲ. "ಹಾಲಲ್ಲಿ ರಕ್ತ ಇರ್ಲಿಲ್ಲ. ಕುಡಿಯೋಕೆ ಮುಂಚೆ ಹಲ್ಲಿಗೆ ಬೆರಳಿಟ್ಟು ನೋಡಿದ್ದೆ. ಎರಡು ಸಲ."

ಅವಳು ಅಲ್ಲೇ ನೆಲದ ಮೇಲೆ ಮಂಡಿಯೂರಿದಳು, ಸ್ಟೂಲಿನ ಮೇಲಿದ್ದ ಕಡ್ಡಿ ಅವಳಿಗಿಂತ ಎತ್ತರವಾದಳು.

"ಮಾತ್ರೆನೂ ತಗೊಂಡಿದ್ದೀನಿ. ಇವತ್ತೂ ತಗೊಂಡೆ. ಅಮ್ಮನ್ನ ಕೇಳಿ ಬೇಕಾದ್ರೆ."

"ಕೇಳಲ್ಲ. ನಂಗೆ ಗೊತ್ತು. ನಿನ್ನದೇನೂ ತಪ್ಪಿಲ್ಲ, ಪುಟ್ಟಾ, ಒಂಚೂರೂ ಇಲ್ಲ. ಹಾಲಲ್ಲೂ ಏನೂ ಇರ್ಲಿಲ್ಲ. ನಂಗೇ ಸುಮ್ಸುಮ್ನೆ ಭಯ ಆಯ್ತು. ಸುಳ್ಳು ಭಯ. ಡಾಕ್ಟರು ಹಾಲು ಬೇಡ ಅಂದಿರ್ಲಿಲ್ಲ, ನಾನು ಸುಳ್ಳು ಹೇಳ್ದೆ. ಈಗ ಹೋಗಿ ಅಮ್ಮನ ಹತ್ರ, ಅಜ್ಜಿ ಹತ್ರ ನಾನೇ ಹೇಳ್ತೀನಿ, ನಂದೇ ತಪ್ಪು ಅಂತ."

ಕಡ್ಡಿ ಸರ್ರನೆ ತಿರುಗಿದಳು. ಸ್ಟೂಲಿನಿಂದ ಇಳಿದು, ನಡುಮನೆಯ ಕಡೆ ಒಮ್ಮೆ ನೋಡಿ, ಒದ್ದೆ ಕೈಯಿಂದ ಅವಳ ಭುಜ ಹಿಡಿದು ಕಿವಿಯ ಹತ್ತಿರ ಬಾಯಿ ತಂದಳು.

"ಹೇಳ್ಬೇಡಿ ಆಂಟಿ. ಅಜ್ಜಿ ಇನ್ನೂ ಹೆದರಿಲ್ಲ."

ಎಲ್ಲಿ ಹೋದ್ರಿ ಇಬ್ರೂ ಎಂದು ನಡುಮನೆಯಿಂದ ಅಜ್ಜಿ ಕೂಗಿದರು. ಬಂದ್ವಿ ಅಜ್ಜಿ ಎಂದು ಕಡ್ಡಿ ರಾಗವಾಗಿ ಉತ್ತರ ಕೊಟ್ಟಳು, ಫ್ರಾಕಿಗೆ ಕೈ ಒರೆಸಿಕೊಂಡಳು, ಬಾಗಿಲಿನವರೆಗೆ ಹೋಗಿ ಮುಖದ ಮೇಲೆ ಒಂದು ನಗು ತಂದುಕೊಂಡು, ಅವಳೂ ತಂದುಕೊಂಡಳೋ ಇಲ್ಲವೋ ಎಂದು ತಿರುಗಿ ನೋಡುತ್ತ ನಿಂತಳು.